ನಾಲ್ಕು ತಾಲ್ಲೂಕು, ಒಂದು ನಕಾಶೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಸರ್ವೇಯರ್ ಆಗಿ ದುಡಿದು ನಿವೃತ್ತನಾದವನು ನಾನು. ಹದ್ದುಬಸ್ತು, ಪೋಡಿ, ಎನ್‌ಎ (ಕೃಷಿಯೇತರ) ಮೋಜಣಿ ಎಂದು ಹೊಲಗಳನ್ನು ತಿರುಗಿದ ವರ್ಷಗಳು ಒಂದು ಮಾತನ್ನು ಗಟ್ಟಿಯಾಗಿ ಕಲಿಸಿವೆ: ಯಾವ ನೆಲ ಯಾವುದಕ್ಕೆ ಎಂಬ ತೀರ್ಮಾನವನ್ನು ಒಂದು ಊರು ತನ್ನ ಶಿವಾರವನ್ನಷ್ಟೇ ನೋಡಿ ಮಾಡಬಾರದು.

ಮೊದಲ ಪಾಠ ಕಲಿಸಿದ್ದು ಮಲಪ್ರಭೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ಹೊಳೆ ಎಂ.ಕೆ. ಹುಬ್ಬಳ್ಳಿ, ಸಂಗೊಳ್ಳಿಗಳನ್ನು ದಾಟಿ ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ರೇಣುಕಾಸಾಗರವಾಗುತ್ತದೆ. ಅಣೆಕಟ್ಟೆಯ ಕೆಳಗೆ ಮುನವಳ್ಳಿ, ಮುಂದೆ ರಾಮದುರ್ಗ. ಸುಮಾರು 37 ಟಿಎಂಸಿ ನೀರು ಹಿಡಿಯುವ ಜಲಾಶಯ ಹಲವು ವರ್ಷ ತುಂಬುವುದೇ ಇಲ್ಲ. ಆಗ ಕೆಳಗಿನ ಹೊಳೆ ಬಡವಾಗುತ್ತದೆ, ಬಿತ್ತನೆ ಪಾತ್ರದೊಳಕ್ಕೆ ಇಳಿಯುತ್ತದೆ, ಮನೆಗಳು ದಂಡೆಗೆ ಬರುತ್ತವೆ. 2019ರ ಆಗಸ್ಟ್‌ನಲ್ಲಿ ಜಲಾಶಯ ತುಂಬಿ ಗೇಟು ತೆರೆದಾಗ ಮುನವಳ್ಳಿ, ರಾಮದುರ್ಗಗಳಿಗೆ ನೀರು ನುಗ್ಗಿತು. ಹೊಳೆಯ ಅಗಲವನ್ನು ಬರಗಾಲದಲ್ಲಿ ಅಳೆಯಬಾರದು.

ಎರಡನೆಯದು ಹಳ್ಳಗಳ ಪಾಠ. ಹಳ್ಳ, ಬಂಡಿದಾರಿಗಳನ್ನು ದಾಖಲೆಯಲ್ಲಿ ಬಿ ಖರಾಬು, ಅಂದರೆ ಸಾರ್ವಜನಿಕ ಬಳಕೆಯ ನೆಲ, ಎಂದು ಬಿಟ್ಟಿರುತ್ತಾರೆ. ಒಂದು ಊರು ಹಳ್ಳದ ಅಗಲ ಉಳಿಸಿಕೊಂಡರೂ ಪಕ್ಕದ ಊರು ಅದನ್ನು ಪೈಪಿನೊಳಗೆ ತುರುಕಿ ಪ್ಲಾಟು ಹಾಕಿದರೆ ಮೇಲಿನ ಊರಿನ ಬೆಳೆ ಮುಳುಗುತ್ತದೆ. ಗ್ರಾಮ ನಕಾಶೆ ಊರಿನ ಗಡಿಗೆ ಮುಗಿಯುವುದರಿಂದ ಈ ಅಪಾಯ ಒಂದೇ ಹಾಳೆಯಲ್ಲಿ ಎಂದೂ ಕಾಣಿಸುವುದಿಲ್ಲ. ಅಕ್ಕಪಕ್ಕದ ನಕಾಶೆಗಳನ್ನು ಕೂಡಿಸಿ ಹಾಸಿದರೆ ಮಾತ್ರ ಕಾಣುತ್ತದೆ.

ಮೂರನೆಯದು ಮಣ್ಣು. ಬೈಲಹೊಂಗಲದ ಎರಿ ಭೂಮಿ ಹತ್ತಿ, ಜೋಳ, ಕಡಲೆಗೆ ಹೇಳಿ ಮಾಡಿಸಿದ್ದು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣಿನ ಮೇಲೆ ಕಟ್ಟಿದ ಮನೆಯ ಗೋಡೆಯೂ ಬಿರಿಯುತ್ತದೆ. ಆದರೂ ಪಟ್ಟಣದ ಮಗ್ಗುಲಲ್ಲಿದೆ ಎಂಬ ಕಾರಣಕ್ಕೆ ಮೊದಲು ಎನ್‌ಎ ಆಗುವುದು ಅದೇ. ಕಿತ್ತೂರಿನ ಹೆದ್ದಾರಿ ಬದಿಯಲ್ಲೂ ದರ ನಿಂತಿರುವುದು ರಸ್ತೆಯ ಮೇಲೆ, ಮಣ್ಣಿನ ಮೇಲಲ್ಲ. ಮನೆಗೆ ಒಗ್ಗುವ ಗಟ್ಟಿ ಮಸಾರಿ ನೆಲ ಎಷ್ಟೋ ಸಲ ಪಕ್ಕದ ಗ್ರಾಮ ಪಂಚಾಯಿತಿಯ ಹದ್ದಿನಲ್ಲಿರುತ್ತದೆ. ಪುರಸಭೆಯೂ ಪಂಚಾಯಿತಿಯೂ ಒಟ್ಟಿಗೆ ಕೂತರೆ ಹೊಲ ಉಳಿಯುತ್ತದೆ, ಮನೆಯೂ ನಿಲ್ಲುತ್ತದೆ.

ನಾಲ್ಕನೆಯದು ಸ್ಥಳಾಂತರದ ಪಾಠ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ಆಸರೆ ಯೋಜನೆಯಡಿ ಹೊಸ ಮನೆಗಳು ಎದ್ದವು. ಹೊಲ, ದನ, ಮೇವಿನ ಬಣವೆ ಹಳೆಯ ಊರಲ್ಲೇ ಉಳಿದ ಕಡೆ ಎಷ್ಟೋ ಮನೆಗಳಿಗೆ ಬೀಗ ಬಿತ್ತು. ಜಾಗ ಹುಡುಕುವವರು ತಮ್ಮ ಪಂಚಾಯಿತಿಯ ಸರ್ಕಾರಿ ಜಮೀನಿನ ಜೊತೆಗೆ ಜನ ದಿನವೂ ನಡೆಯುವ ದಾರಿಯನ್ನೂ ನೋಡಬೇಕು.

ಇದಕ್ಕೆಲ್ಲ ಹೊಸ ಕಾನೂನು ಬೇಕಿಲ್ಲ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದೆ. ಸಂವಿಧಾನದ 74ನೇ ತಿದ್ದುಪಡಿ ಜಿಲ್ಲಾ ಯೋಜನಾ ಸಮಿತಿಗೆ ಸ್ಪಷ್ಟ ಹೊಣೆ ಕೊಟ್ಟಿದೆ: ಪಂಚಾಯಿತಿ ಮತ್ತು ನಗರಸಭೆಗಳ ಸಮಾನ ಹಿತದ ವಿಷಯಗಳನ್ನು, ನೆಲದ ಬಳಕೆ, ನೀರಿನ ಹಂಚಿಕೆ, ಪರಿಸರ ರಕ್ಷಣೆಯನ್ನೂ ಸೇರಿಸಿ, ಯೋಜನೆ ಮಾಡುವಾಗ ಪರಿಗಣಿಸಬೇಕು. ಆದರೆ ಊರುಗಳಿಂದ ಮೇಲೆ ಹೋಗುವುದು ಗಟಾರು, ರಸ್ತೆ, ಸಮುದಾಯ ಭವನಗಳ ಪಟ್ಟಿ. ನಕಾಶೆ ಜೊತೆಗೆ ಹೋಗುವುದಿಲ್ಲ.

ಈ ನಾಲ್ಕೂ ತಾಲ್ಲೂಕುಗಳು ಬೈಲಹೊಂಗಲ ಉಪವಿಭಾಗಕ್ಕೆ ಸೇರಿವೆ. ಕೂಡಿ ಕೂರಲು ದೂರದ ಊರು ಬೇಕಿಲ್ಲ. ಪಂಚಾಯಿತಿ, ಪುರಸಭೆಗಳ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೆ. ಹೊಳೆ ಹಳ್ಳಗಳ ಪೂರ್ತಿ ಅಗಲವನ್ನು ಅಳೆಸಿ ಬಾಂದುಕಲ್ಲು ನೆಡಿಸಿ. ಎರಿ ಭೂಮಿಯನ್ನು ನಕಾಶೆಯಲ್ಲಿ ಗುರುತಿಸಿ ಕಾಯಿರಿ. ಹೊಸ ಲೇಔಟಿಗೆ ಒಪ್ಪಿಗೆ ಕೊಡುವ ಮುನ್ನ ನೀರು ಹರಿದುಹೋಗುವ ಕೆಳಗಿನ ಊರಿನವರನ್ನು ಕರೆದು ಕೇಳಿ.