ಪರಿಸರಸ್ನೇಹಿ ಶುಚಿಕಾರಕಗಳು: ಬಾಟಲಿಯ ಬೆಲೆಯಲ್ಲ, ಬಳಕೆಯ ವೆಚ್ಚ

ಮನೆಯನ್ನು ಶುಚಿಯಾಗಿಡುವ ಖರ್ಚಿಗೆ ಮನೆವಾರ್ತೆಯ ಲೆಕ್ಕದಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ಶೀರ್ಷಿಕೆ ಇರುವುದಿಲ್ಲ. ಬಟ್ಟೆಯ ಪುಡಿ, ಪಾತ್ರೆ ತೊಳೆಯುವ ಬಿಲ್ಲೆ, ನೆಲ ಒರೆಸುವ ಫಿನೈಲ್, ಶೌಚಾಲಯದ ಆ್ಯಸಿಡ್ ಇವೆಲ್ಲವೂ ದಿನಸಿ ಚೀಟಿಯ ಕೊನೆಯಲ್ಲಿ 'ಇತರೆ' ಎಂಬ ಒಂದೇ ಸಾಲಿನಲ್ಲಿ ಸೇರಿಹೋಗುತ್ತವೆ. ಈಚಿನ ವರ್ಷಗಳಲ್ಲಿ ಈ ಸಾಲಿಗೆ 'ಪರಿಸರಸ್ನೇಹಿ' ಎಂಬ ವಿಶೇಷಣ ಹೊತ್ತ ಹೊಸ ಸರಕುಗಳು ಬಂದಿವೆ. ಗ್ರಾಹಕರು ಹಸಿರು ಚೀಟಿ ಅಂಟಿಸಿದ ಬಾಟಲಿಯನ್ನು ಕೈಗೆತ್ತಿಕೊಳ್ಳುತ್ತಾರೆ, ಬೆಲೆ ನೋಡುತ್ತಾರೆ, ಮರಳಿ ಇಡುತ್ತಾರೆ. ಕೆಲವರು ಒಮ್ಮೆ ಕೊಂಡು, ಹದಿನೈದು ದಿನಗಳಲ್ಲಿ ಅದು ಮುಗಿದುಹೋದಾಗ ಮತ್ತೆ ಹಳೆಯ ಪೊಟ್ಟಣಕ್ಕೇ ಹಿಂತಿರುಗುತ್ತಾರೆ. ಅಂಗಡಿಯ ಕಪಾಟಿನಲ್ಲಿ ದಾಸ್ತಾನು ಉಳಿಯುತ್ತದೆ. ವರ್ತಕರ ಬಂಡವಾಳ ಅಲ್ಲಿಯೇ ಕಟ್ಟಿಬೀಳುತ್ತದೆ.

ಈ ಹಿಂಜರಿಕೆಗೆ ಬೆಲೆಗಿಂತ ಹೆಚ್ಚಾಗಿ ಲೆಕ್ಕದ ದೋಷವೇ ಕಾರಣ. ಬಾಟಲಿಯ ಬೆಲೆ ಬೇರೆ, ಒಂದು ಸಲದ ಬಳಕೆಯ ವೆಚ್ಚ ಬೇರೆ. ಇವೆರಡರ ವ್ಯತ್ಯಾಸವನ್ನು ತಿಳಿದುಕೊಂಡರೆ ಗೃಹಸ್ಥರಿಗೂ ವರ್ತಕರಿಗೂ ಈ ಬದಲಾವಣೆ ಭಾರವಾಗಬೇಕಿಲ್ಲ. ತತ್ಸಂಬಂಧವಾದ ಕೆಲವು ಅಂಶಗಳನ್ನೂ, ಉತ್ಪಾದಕರು ಗಮನಿಸಬೇಕಾದ ಕಾನೂನಿನ ನಿಯಮಗಳನ್ನೂ ಇಲ್ಲಿ ವಿವರಿಸಲಾಗಿದೆ.

ಖಾತೆಗೆ ಬಾರದ ವೆಚ್ಚ

ಬೆಂಗಳೂರಿನ ಬೆಳ್ಳಂದೂರು ಕೆರೆ ಈ ವಿಷಯದಲ್ಲಿ ಎಲ್ಲರ ಕಣ್ಣಮುಂದಿರುವ ಪಾಠ. 2015ರಲ್ಲಿ ಅಲ್ಲಿಯ ನೊರೆಗೆ ಬೆಂಕಿ ಹೊತ್ತಿಕೊಂಡ ದೃಶ್ಯ ಇಡೀ ದೇಶದ ಗಮನ ಸೆಳೆಯಿತು. 2017 ಮತ್ತು 2018ರಲ್ಲಿಯೂ ಕೆರೆಯಂಗಳದಲ್ಲಿ ಬೆಂಕಿ ಕಾಣಿಸಿಕೊಂಡಿತು. ಬೆಳ್ಳಂದೂರಿನಿಂದ ನೀರು ಹರಿದುಹೋಗುವ ವರ್ತೂರು ಕೆರೆಯಲ್ಲಿಯೂ ನೊರೆ ರಸ್ತೆಗೆ ಹಾರಿಬರುತ್ತಿತ್ತು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂದಿತು. ಅನಂತರ ಹೂಳೆತ್ತುವ ಕಾರ್ಯವನ್ನು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕೈಗೊಂಡಿತು.

ಇದಕ್ಕೆ ಮನೆಯ ಬಟ್ಟೆಪುಡಿಯೊಂದೇ ಹೊಣೆ ಎನ್ನುವುದು ಸರಿಯಲ್ಲ. ಶುದ್ಧೀಕರಣವಾಗದೆ ಹರಿದ ಕೊಳಚೆ ನೀರು ಮೂಲ ಕಾರಣ. ಕೈಗಾರಿಕಾ ತ್ಯಾಜ್ಯದ ಪಾಲೂ ಇತ್ತು. ಆದರೆ ಆ ಕೊಳಚೆಯಲ್ಲಿ ನೊರೆಯೇಳಲು ಬೇಕಾದ ರಾಸಾಯನಿಕಗಳ ದೊಡ್ಡ ಭಾಗ ಬಚ್ಚಲು ಮತ್ತು ಅಡುಗೆಮನೆಗಳಿಂದಲೇ ಬರುತ್ತದೆ ಎಂಬುದು ಗಮನಾರ್ಹ. ಕೊಳೆ ಬಿಡಿಸುವ ರಾಸಾಯನಿಕವು ನೀರಿನ ಮೇಲ್ಮೈ ಒತ್ತಡವನ್ನು ತಗ್ಗಿಸುತ್ತದೆ; ಕೋಡಿಯಲ್ಲಿ ನೀರು ಧುಮುಕಿದಾಗ ಅದೇ ಗುಣದಿಂದ ನೊರೆಯಾಗುತ್ತದೆ. ನೀರಿನ ಗಡಸುತನ ತಗ್ಗಿಸಲು ಕೆಲವು ಮಾರ್ಜಕಗಳಲ್ಲಿ ಬೆರೆಸುವ ಫಾಸ್ಫೇಟ್ ಕೆರೆಯಲ್ಲಿ ಗೊಬ್ಬರದಂತೆ ವರ್ತಿಸಿ ಅಂತರಗಂಗೆಯನ್ನು ಬೆಳೆಸುತ್ತದೆ. ಐರೋಪ್ಯ ಒಕ್ಕೂಟವು 2013ರ ಜೂನ್ 30ರಿಂದ ಗೃಹಬಳಕೆಯ ಬಟ್ಟೆ ಮಾರ್ಜಕಗಳಲ್ಲಿ ಫಾಸ್ಫೇಟ್ ಪ್ರಮಾಣಕ್ಕೆ ಮಿತಿ ಹೇರಿದ್ದು ಇದೇ ಕಾರಣಕ್ಕಾಗಿ.

ಹೂಳೆತ್ತಲು, ಶುದ್ಧೀಕರಣ ಘಟಕ ನಡೆಸಲು ಆಗುವ ವೆಚ್ಚ ಬಟ್ಟೆಪುಡಿಯ ಬಿಲ್ಲಿನಲ್ಲಿ ಕಾಣುವುದಿಲ್ಲ. ಅದನ್ನು ನಾಗರಿಕರು ತೆರಿಗೆಯಾಗಿಯೋ ನೀರಿನ ಶುಲ್ಕವಾಗಿಯೋ ಬೇರೊಂದು ಖಾತೆಯಿಂದ ತೆರುತ್ತಾರೆ. ಅಗ್ಗವೆಂದು ತೋರುವ ಪೊಟ್ಟಣದ ಪೂರ್ಣ ಬೆಲೆ ಆ ಪೊಟ್ಟಣದ ಮೇಲೆ ಮುದ್ರಿತವಾಗಿರುವುದಿಲ್ಲ.

ಒಂದು ತಿಂಗಳ ಲೆಕ್ಕ

ಪೊಟ್ಟಣಗಳ ಮೇಲೆ ಗರಿಷ್ಠ ಮಾರಾಟ ಬೆಲೆಯ ಜೊತೆಗೆ ಪ್ರತಿ ಗ್ರಾಂ ಅಥವಾ ಪ್ರತಿ ಮಿಲಿಲೀಟರಿನ ಬೆಲೆಯನ್ನೂ ನಮೂದಿಸಬೇಕೆಂಬ ನಿಯಮ ಈಗ ಜಾರಿಯಲ್ಲಿದೆ. ಒಂದೇ ಬಗೆಯ ಎರಡು ಸರಕುಗಳ ಹೋಲಿಕೆಗೆ ಇದು ಉಪಯುಕ್ತ. ಆದರೆ ಸಾಧಾರಣ ಪುಡಿಯನ್ನೂ ಸಾಂದ್ರೀಕೃತ ದ್ರವವನ್ನೂ ಈ ಅಳತೆಯಿಂದ ಹೋಲಿಸಿದರೆ ತಪ್ಪು ತೀರ್ಮಾನಕ್ಕೆ ಬರುವ ಸಂಭವವಿದೆ. ಇಲ್ಲಿ ಬಳಸಬೇಕಾದ ಸೂತ್ರ ಸರಳವಾದುದು: ಪೊಟ್ಟಣದ ಬೆಲೆಯನ್ನು ಅದರಿಂದ ದೊರೆಯುವ ತೊಳೆತಗಳ ಸಂಖ್ಯೆಯಿಂದ ಭಾಗಿಸಬೇಕು.

ನಾಲ್ಕು ಜನರ ಕುಟುಂಬವೊಂದು ತಿಂಗಳಿಗೆ 20 ಬಾರಿ ಯಂತ್ರದಲ್ಲಿ ಬಟ್ಟೆ ಒಗೆಯುತ್ತದೆ ಎಂದಿಟ್ಟುಕೊಳ್ಳೋಣ. ಕೆಳಗಿನ ಬೆಲೆಗಳು ಮತ್ತು ಪ್ರಮಾಣಗಳು ಕೇವಲ ವಿವರಣೆಗಾಗಿ. ಓದುಗರು ತಮ್ಮ ಊರಿನ ಬೆಲೆಗಳನ್ನೂ ಪೊಟ್ಟಣದ ಮೇಲಿನ ಪ್ರಮಾಣವನ್ನೂ ಹಾಕಿ ನೋಡಬಹುದು.

1. ಸಾಧಾರಣ ಪುಡಿ: 1 ಕಿಲೋಗ್ರಾಮಿಗೆ ರೂ. 120. ಪ್ರತಿ ಬಾರಿಗೆ 60 ಗ್ರಾಂ. ಒಂದು ತೊಳೆತಕ್ಕೆ ರೂ. 7.20, ತಿಂಗಳಿಗೆ ರೂ. 144.

2. ಪರಿಸರಸ್ನೇಹಿ ಸಾಂದ್ರೀಕೃತ ದ್ರವ: 1 ಲೀಟರಿಗೆ ರೂ. 450. ಪ್ರತಿ ಬಾರಿಗೆ 15 ಮಿಲಿಲೀಟರ್. ಒಂದು ತೊಳೆತಕ್ಕೆ ರೂ. 6.75, ತಿಂಗಳಿಗೆ ರೂ. 135.

ಪೊಟ್ಟಣದ ಬೆಲೆಯಲ್ಲಿ ಎರಡನೆಯದು ಸುಮಾರು ನಾಲ್ಕು ಪಟ್ಟು ದುಬಾರಿ. ತೊಳೆತದ ಲೆಕ್ಕದಲ್ಲಿ ತಿಂಗಳಿಗೆ ಒಂಬತ್ತು ರೂಪಾಯಿ ಅಗ್ಗ. ಇನ್ನುಳಿದ ಬಾಬುಗಳನ್ನೂ ಸೇರಿಸೋಣ. ನೆಲಕ್ಕೆ ಫಿನೈಲ್ ರೂ. 90, ಪಾತ್ರೆಯ ಬಿಲ್ಲೆ ರೂ. 60, ಶೌಚಾಲಯದ ಆ್ಯಸಿಡ್ ರೂ. 50 ಎಂದಾದರೆ ಹಳೆಯ ಪದ್ಧತಿಯ ಮಾಸಿಕ ವೆಚ್ಚ ಒಟ್ಟು ರೂ. 344. ಬದಲಾವಣೆಯ ನಂತರ ನೆಲಕ್ಕೆ ಮನೆಯಲ್ಲೇ ತಯಾರಿಸಿದ ಹಣ್ಣಿನ ಸಿಪ್ಪೆಯ ದ್ರಾವಣ ರೂ. 9, ಪಾತ್ರೆಗೆ ಪರಿಸರಸ್ನೇಹಿ ದ್ರವ ರೂ. 110, ಶೌಚಾಲಯಕ್ಕೆ ಸಿಟ್ರಿಕ್ ಆಮ್ಲದ ಪುಡಿ ರೂ. 40 ಎಂದಾದರೆ ಒಟ್ಟು ರೂ. 294.

ಈಗ ಮೂರನೆಯ ಸಂದರ್ಭವನ್ನು ಪರಿಶೀಲಿಸಬೇಕು. ಅದೇ ಕುಟುಂಬ ಅದೇ ಸಾಂದ್ರೀಕೃತ ದ್ರವವನ್ನು ಹಳೆಯ ಅಭ್ಯಾಸದಂತೆ 15ರ ಬದಲು 60 ಮಿಲಿಲೀಟರ್ ಸುರಿದರೆ ಒಂದು ತೊಳೆತಕ್ಕೆ ರೂ. 27, ಬಟ್ಟೆಯ ಬಾಬು ತಿಂಗಳಿಗೆ ರೂ. 540 ಆಗುತ್ತದೆ. ಒಟ್ಟು ವೆಚ್ಚ ರೂ. 294ರಿಂದ ರೂ. 699ಕ್ಕೆ ಏರುತ್ತದೆ. ಸರಕು ಬದಲಾಗಲಿಲ್ಲ, ಬೆಲೆ ಬದಲಾಗಲಿಲ್ಲ. ಅಳತೆಯ ಮುಚ್ಚಳವನ್ನು ಬಳಸದಿದ್ದುದಕ್ಕೆ ರೂ. 405 ದಂಡ ತೆತ್ತಂತಾಯಿತು. 'ಪರಿಸರಸ್ನೇಹಿ ಸರಕು ನಮ್ಮಂಥವರಿಗಲ್ಲ' ಎಂಬ ಮಾತು ಹುಟ್ಟುವುದು ಬಹುಪಾಲು ಈ ಮೂರನೆಯ ಸಂದರ್ಭದಲ್ಲಿಯೇ.

ಇದರಿಂದ ಇನ್ನೊಂದು ಅಂಶವೂ ಸ್ಪಷ್ಟವಾಗುತ್ತದೆ. ಸಾಧಾರಣ ಪುಡಿಯನ್ನೇ ಬಳಸುವ ಕುಟುಂಬ 60 ಗ್ರಾಮಿನ ಬದಲು 40 ಗ್ರಾಮಿನಲ್ಲಿ ಬಟ್ಟೆ ಶುಚಿಯಾಗುವುದನ್ನು ಕಂಡುಕೊಂಡರೆ ತಿಂಗಳ ವೆಚ್ಚ ರೂ. 144ರಿಂದ ರೂ. 96ಕ್ಕೆ ಇಳಿಯುತ್ತದೆ, ಚರಂಡಿಗೆ ಸೇರುವ ರಾಸಾಯನಿಕವೂ ಮೂರನೆಯ ಒಂದು ಭಾಗ ಕಡಿಮೆಯಾಗುತ್ತದೆ. ನೊರೆ ಹೆಚ್ಚಾದಷ್ಟೂ ಶುಚಿ ಹೆಚ್ಚು ಎಂಬ ನಂಬಿಕೆಗೆ ಆಧಾರವಿಲ್ಲ. ಆದರೆ ನೀರಿನ ಗುಣವನ್ನು ಮರೆಯುವಂತಿಲ್ಲ. ಕೊಳವೆಬಾವಿಯ ನೀರು ಸಾಮಾನ್ಯವಾಗಿ ನದಿಯ ನೀರಿಗಿಂತ ಗಡಸು. ಅಲ್ಲಿ ತುಸು ಹೆಚ್ಚಿನ ಪ್ರಮಾಣ ಬೇಕಾಗುತ್ತದೆ. ಆದ್ದರಿಂದ ಪ್ರಮಾಣವನ್ನು ವಾರಕ್ಕಿಷ್ಟರಂತೆ ತಗ್ಗಿಸಿ ಪರೀಕ್ಷಿಸುವುದು ಸೂಕ್ತ.

ಮನೆಯ ತಯಾರಿಕೆ ಮತ್ತು ಅದರ ಮಿತಿಗಳು

ಮೇಲಿನ ಲೆಕ್ಕದಲ್ಲಿ ನೆಲದ ಬಾಬು ರೂ. 9ಕ್ಕೆ ಇಳಿದುದಕ್ಕೆ ಕಾರಣ ಮನೆಯ ತಯಾರಿಕೆ. ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ, ಮೂಸಂಬಿ ಅಥವಾ ಕಿತ್ತಳೆಯ ಸಿಪ್ಪೆ, ಹತ್ತು ಪಾಲು ನೀರು ಬೆರೆಸಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೂರು ತಿಂಗಳು ಹುದುಗಲು ಬಿಡುವುದು ಪ್ರಚಲಿತ ವಿಧಾನ. 300 ಗ್ರಾಂ ಬೆಲ್ಲಕ್ಕೆ ರೂ. 18 ಎಂದಾದರೆ ಸುಮಾರು 3 ಲೀಟರ್ ದ್ರಾವಣ ದೊರೆಯುತ್ತದೆ. ದಿನಕ್ಕೆ 50 ಮಿಲಿಲೀಟರಿನಂತೆ ತಿಂಗಳಿಗೆ ಒಂದೂವರೆ ಲೀಟರ್ ಸಾಕು. ಮೊದಲ ತಿಂಗಳು ಅನಿಲ ತುಂಬಿಕೊಳ್ಳುವುದರಿಂದ ದಿನವೂ ಮುಚ್ಚಳ ಸಡಿಲಿಸಬೇಕು. ಗಾಜಿನ ಬಾಟಲಿ ಬಳಸಬಾರದು. ಮನೆಯವರ ಶ್ರಮ ಮತ್ತು ಕಾಯುವ ಅವಧಿಯ ಬೆಲೆಯನ್ನು ಈ ಲೆಕ್ಕದಲ್ಲಿ ಹಿಡಿದಿಲ್ಲ ಎಂಬುದನ್ನೂ ನೆನಪಿಡಬೇಕು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬಂತೆ ನೈಸರ್ಗಿಕವಾದುದೆಲ್ಲ ನಿರಪಾಯಕಾರಿಯಲ್ಲ. ಈ ಕೆಳಗಿನ ಅಂಶಗಳು ಗಮನಾರ್ಹ.

ಒಂದು: ಅಂಟುವಾಳದ ಕಾಯಿ ಬಟ್ಟೆಗೂ ಒಡವೆಗೂ ನಮ್ಮ ಹಿರಿಯರು ಬಳಸಿದ ಉತ್ತಮ ಮಾರ್ಜಕ. ಆದರೆ ಅದರಲ್ಲಿರುವ ನೊರೆಯ ಅಂಶವಾದ ಸಪೋನಿನ್ ಮೀನುಗಳಿಗೆ ವಿಷಕಾರಿ. ಅದರ ನೀರನ್ನೂ ಹಳ್ಳ ಕೆರೆಗಳಿಗೆ ನೇರವಾಗಿ ಬಿಡಬಾರದು.

ಎರಡು: ಹುಣಸೆಹಣ್ಣು, ನಿಂಬೆ, ವಿನೆಗರ್ ಹಿತ್ತಾಳೆ ತಾಮ್ರದ ಪಾತ್ರೆಗಳಿಗೆ ಒಳ್ಳೆಯವು, ಅಮೃತಶಿಲೆ ಮತ್ತು ಕಡಪ ಕಲ್ಲಿನ ಹೊಳಪನ್ನು ಅವು ತಿಂದುಹಾಕುತ್ತವೆ.

ಮೂರು: ವಿನೆಗರ್ ಮತ್ತು ಅಡುಗೆ ಸೋಡಾ ಬೆರೆಸಿದರೆ ಬುರುಗು ಏಳುತ್ತದೆ, ಆದರೆ ಆಮ್ಲ ಮತ್ತು ಕ್ಷಾರ ಒಂದನ್ನೊಂದು ತಟಸ್ಥಗೊಳಿಸುವುದರಿಂದ ಎರಡೂ ಸಾಮರ್ಥ್ಯ ಕಳೆದುಕೊಳ್ಳುತ್ತವೆ. ಬೇರೆ ಬೇರೆಯಾಗಿ ಬಳಸುವುದೇ ಲಾಭಕರ.

ನಾಲ್ಕು: ಕೊಳೆ ತೆಗೆಯುವುದು ಬೇರೆ, ರೋಗಾಣು ನಾಶ ಬೇರೆ. ಸಿಪ್ಪೆಯ ದ್ರಾವಣವನ್ನು ಸೋಂಕುನಿವಾರಕವೆಂದು ಭಾವಿಸಬಾರದು. ಮನೆಯಲ್ಲಿ ಸಾಂಕ್ರಾಮಿಕ ರೋಗಿಗಳಿದ್ದಾಗ ಬ್ಲೀಚ್‌ನಂತಹ ಸೋಂಕುನಿವಾರಕವನ್ನು ಚೀಟಿಯ ಸೂಚನೆಯಂತೆ ಬಳಸುವುದೇ ಸರಿ. ಆದರೆ ಬ್ಲೀಚನ್ನು ಶೌಚಾಲಯದ ಆ್ಯಸಿಡ್, ವಿನೆಗರ್ ಮುಂತಾದ ಯಾವುದೇ ಆಮ್ಲದೊಂದಿಗೆ ಬೆರೆಸಬಾರದು. ವಿಷಕಾರಿಯಾದ ಕ್ಲೋರಿನ್ ಅನಿಲ ಹೊರಹೊಮ್ಮುತ್ತದೆ.

'ಹಸಿರು' ಎಂದು ಮುದ್ರಿಸುವ ಮುನ್ನ

ಸ್ವಸಹಾಯ ಗುಂಪುಗಳೂ ಗೃಹ ಕೈಗಾರಿಕಾ ಘಟಕಗಳೂ ಇಂತಹ ಸರಕುಗಳನ್ನು ತಯಾರಿಸಿ ಮಾರುತ್ತಿರುವುದು ಸ್ವಾಗತಾರ್ಹ. ಆದರೆ 'ಪರಿಸರಸ್ನೇಹಿ' ಎಂಬ ಪದ ಈಗ ಕೇವಲ ಅಲಂಕಾರವಾಗಿ ಉಳಿದಿಲ್ಲ. ಅದೊಂದು ಸಾಬೀತುಪಡಿಸಬೇಕಾದ ಹೇಳಿಕೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರ್ 15ರಂದು ಹೊರಡಿಸಿದ ಮಾರ್ಗಸೂಚಿಗಳ ಪ್ರಕಾರ 'ಹಸಿರು', 'ಪರಿಸರಸ್ನೇಹಿ', 'ನೈಸರ್ಗಿಕ', 'ಸಾವಯವ' ಮುಂತಾದ ಪದಗಳನ್ನು ಸೂಕ್ತ ವಿವರಣೆ ಮತ್ತು ಆಧಾರವಿಲ್ಲದೆ ಬಳಸುವಂತಿಲ್ಲ. ಹೇಳಿಕೆಯು ಇಡೀ ಸರಕಿಗೆ ಸಂಬಂಧಿಸಿದೆಯೋ, ಅದರ ಒಂದು ಭಾಗಕ್ಕೋ, ತಯಾರಿಕೆಯ ವಿಧಾನಕ್ಕೋ, ಅಥವಾ ಪೊಟ್ಟಣಕ್ಕೆ ಮಾತ್ರವೋ ಎಂಬುದನ್ನು ಸ್ಪಷ್ಟಪಡಿಸಬೇಕು. ದಾರಿತಪ್ಪಿಸುವ ಜಾಹೀರಾತಿಗಾಗಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 21ನೇ ಕಲಮಿನಡಿ ಉತ್ಪಾದಕರಿಗೆ ರೂ. 10 ಲಕ್ಷದವರೆಗೆ, ಪುನರಾವರ್ತನೆಯಾದಲ್ಲಿ ರೂ. 50 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ. ಕೆಲವೇ ಸಾವಿರ ರೂಪಾಯಿಗಳ ಬಂಡವಾಳದಿಂದ ನಡೆಯುವ ಘಟಕಕ್ಕೆ ಇದು ಸಣ್ಣ ಅಪಾಯವಲ್ಲ.

ಪ್ರಮಾಣಪತ್ರ ಪಡೆಯಲು ಬಯಸುವವರಿಗೆ ಇಕೋಮಾರ್ಕ್ ಯೋಜನೆಯಿದೆ. 1991ರಲ್ಲಿ ಮಣ್ಣಿನ ಮಡಕೆಯ ಲಾಂಛನದೊಂದಿಗೆ ಆರಂಭವಾದ ಈ ಯೋಜನೆಗೆ ಉದ್ಯಮಗಳಿಂದ ನಿರೀಕ್ಷಿತ ಸ್ಪಂದನೆ ದೊರೆಯಲಿಲ್ಲ. ಅದರ ಬದಲಿಗೆ 2024ರ ಸೆಪ್ಟೆಂಬರ್‌ನಲ್ಲಿ ಇಕೋಮಾರ್ಕ್ ನಿಯಮಗಳನ್ನು ಪ್ರಕಟಿಸಲಾಗಿದ್ದು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅನುಷ್ಠಾನದ ಹೊಣೆ ವಹಿಸಲಾಗಿದೆ. ಇದು ಐಚ್ಛಿಕ ಯೋಜನೆ.

ತೆರಿಗೆಯ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ನಿವಾರಣೆಯಾಗಬೇಕು. 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸಾಬೂನಿನ ಬಿಲ್ಲೆಯ ಸರಕು ಮತ್ತು ಸೇವಾ ತೆರಿಗೆ ಶೇ. 5ಕ್ಕೆ ಇಳಿಯಿತು, ಮಾರ್ಜಕಗಳು ಶೇ. 18ರ ದರದಲ್ಲಿಯೇ ಮುಂದುವರಿದವು. ಪರಿಸರಸ್ನೇಹಿ ಎಂಬ ಕಾರಣಕ್ಕೆ ಮಾರ್ಜಕಕ್ಕೆ ರಿಯಾಯಿತಿ ದರವಿಲ್ಲ. ರಾಜ್ಯದೊಳಗೆ ಸರಕು ಮಾತ್ರ ಮಾರುವ, ವಾರ್ಷಿಕ ವಹಿವಾಟು ರೂ. 40 ಲಕ್ಷ ಮೀರದ ಘಟಕಕ್ಕೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಆದರೆ ನೋಂದಣಿಯಿಲ್ಲದ ಘಟಕ ತಾನು ಕೊಂಡ ಬಾಟಲಿ ಮತ್ತು ಕಚ್ಚಾವಸ್ತುಗಳ ಮೇಲೆ ತೆತ್ತ ತೆರಿಗೆಯನ್ನು ಹಿಂಪಡೆಯಲಾಗದು. ಬೆಲೆ ನಿಗದಿ ಮಾಡುವಾಗ ಅದನ್ನು ವೆಚ್ಚವಾಗಿಯೇ ಪರಿಗಣಿಸಬೇಕು.

ಅನುಸರಿಸಬಹುದಾದ ಕ್ರಮ

ಗೃಹಸ್ಥರು ಎಲ್ಲವನ್ನೂ ಒಂದೇ ದಿನ ಬದಲಿಸುವ ಅಗತ್ಯವಿಲ್ಲ. ಮನೆಯಲ್ಲಿರುವ ಹಳೆಯ ದಾಸ್ತಾನಿಗೆ ಹಣ ಈಗಾಗಲೇ ಸಂದಿದೆ. ಅದನ್ನು ಚರಂಡಿಗೆ ಸುರಿದರೆ ಹಣವೂ ಹೋಗುತ್ತದೆ, ನೀರೂ ಕೆಡುತ್ತದೆ. ಮೊದಲು ಅಳತೆಯನ್ನು ರೂಢಿಸಿಕೊಂಡು ದಾಸ್ತಾನನ್ನು ಮುಗಿಸಬೇಕು. ಅನಂತರ ತಿಂಗಳಿಗೊಂದು ಬಾಬನ್ನು ಬದಲಿಸಿ, ತೊಳೆತಕ್ಕೆ ತಗುಲುವ ವೆಚ್ಚವನ್ನು ಒಂದು ಸಾಲಿನಲ್ಲಿ ಬರೆದಿಟ್ಟುಕೊಂಡರೆ ಮೂರು ನಾಲ್ಕು ತಿಂಗಳಲ್ಲಿ ಯಾವುದು ಉಳಿತಾಯ, ಯಾವುದು ಹೊರೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ವರ್ತಕರು ಕಪಾಟಿನ ಮೇಲೆ ಬಾಟಲಿಯ ಬೆಲೆಯ ಪಕ್ಕದಲ್ಲಿ 'ಒಂದು ತೊಳೆತಕ್ಕೆ ಇಷ್ಟು' ಎಂದು ಬರೆದ ಚೀಟಿ ಅಂಟಿಸಬಹುದು; ಅದಕ್ಕೆ ಆಧಾರವಾದ ಪ್ರಮಾಣವನ್ನೂ ನಮೂದಿಸಬೇಕು. ಸರಕು ಕೊಡುವಾಗ ಮುಚ್ಚಳದ ಯಾವ ಗೆರೆಯವರೆಗೆ ಸುರಿಯಬೇಕೆಂಬುದನ್ನು ತೋರಿಸಿದರೆ ಗ್ರಾಹಕರು ಎರಡನೆಯ ಬಾರಿಯೂ ಬರುತ್ತಾರೆ. ಖಾಲಿ ಬಾಟಲಿಗೆ ದ್ರವ ತುಂಬಿಕೊಡುವ ವ್ಯವಸ್ಥೆ ಮಾಡುವವರು ಕಾನೂನು ಮಾಪನ ಶಾಸ್ತ್ರ ಇಲಾಖೆಯಿಂದ ಪರಿಶೀಲನೆಗೊಂಡು ಮುದ್ರೆ ಪಡೆದ ಅಳತೆಗಳನ್ನೇ ಉಪಯೋಗಿಸಬೇಕು. ಉತ್ಪಾದಕರು ಘಟಕಾಂಶಗಳ ಪಟ್ಟಿ ಹಾಗೂ ಪ್ರಯೋಗಾಲಯದ ವರದಿಯನ್ನು ಕಡತದಲ್ಲಿಟ್ಟುಕೊಂಡ ನಂತರವೇ ಚೀಟಿ ಮುದ್ರಿಸುವುದು ಕ್ಷೇಮ.

ಲೆಕ್ಕಪತ್ರದಲ್ಲಿ ಕಾಣದ ವೆಚ್ಚ ಇಲ್ಲವಾಗುವುದಿಲ್ಲ; ಅದು ಬೇರೆಯವರ ಖಾತೆಗೆ ವರ್ಗವಾಗುತ್ತದೆ ಅಷ್ಟೆ. ಮನೆಯ ಬಚ್ಚಲಿನಿಂದ ಹೊರಟ ನೀರು ಯಾವುದೋ ಊರಿನ ಕೆರೆಯನ್ನು ಸೇರುತ್ತದೆ, ಆ ಕೆರೆಯ ಕೆಳಗೆ ಯಾರದೋ ಗದ್ದೆಯಿರುತ್ತದೆ. ಅಲ್ಲಿಗೆ ತಲುಪುವ ಹೊರೆಯನ್ನು ತಗ್ಗಿಸುವ ಕೆಲಸ ದುಬಾರಿ ಬಾಟಲಿಯಿಂದಲೇ ಆರಂಭವಾಗಬೇಕೆಂದಿಲ್ಲ. ಈಗಾಗಲೇ ಮನೆಯಲ್ಲಿರುವ ಪೊಟ್ಟಣದ ಪಕ್ಕದಲ್ಲಿ ಒಂದು ಅಳತೆಯ ಚಮಚವಿಟ್ಟರೂ ಸಾಕು.