ಮಠಕ್ಕೂ ಬಾರದ, ಅಪ್ಪನ ಸಂಘಕ್ಕೂ ಬಾರದ ಮಗ

ಅಕ್ಕಾರ, ನಮ್ಮದು ನವಲಗುಂದ ತಾಲೂಕು. ಮಲಪ್ರಭಾ ಕಾಲುವಿ ನೀರಿನ ಹೊಲಾ, ಉಳ್ಳಾಗಡ್ಡಿ, ಹೆಸರು ಬೆಳಿತೀವಿ. ಯಜಮಾನ್ರು ರೈತ ಸಂಘದಾವ್ರು. ಮಗಾ ಹುಬ್ಬಳ್ಳ್ಯಾಗ ಇಂಜಿನಿಯರಿಂಗ್ ಓದಿ ಅಲ್ಲೇ ಕೆಲಸಕ್ಕ ಅದಾನ. ಹಯೆಕ್ ಅಂಬಾವನ ಪುಸ್ತಕ ಓದಾಕ ಹತ್ತಿದಾಗಿಂದ ಅವನ ಮಾತೇ ಬ್ಯಾರೆ ಆಗ್ಯಾವ. ತೆರಿಗಿ ಅಂದ್ರ ದರೋಡಿ, ಬೆಂಬಲ ಬೆಲೆ ಅಂದ್ರ ಭಿಕ್ಷಾ ಅಂತಾನ. ಸಿದ್ಧಾರೂಢ ಮಠಕ್ಕ ಬಾ ಅಂದ್ರ, ಪುಕ್ಕಟೆ ಊಟ ಮಂದೀನ ಮೈಗಳ್ಳರನ್ನ ಮಾಡ್ತೈತಿ ಅಂತಾನ. ಅಪ್ಪ-ಮಗ ಮಾತು ಬಿಟ್ಟಾರ. ಮಗಾ ಕೈ ಬಿಟ್ಟು ಹೋದನೇನ್ರಿ?
— ಒಬ್ಬ ತಾಯಿ

ತಂಗಿ, ಮಗ ಎಲ್ಲೂ ಹೋಗಿಲ್ಲ. ಅವನು ಆಡುತ್ತಿರುವುದು ಹುಚ್ಚು ಮಾತೂ ಅಲ್ಲ, ಹೊಸ ಮಾತೂ ಅಲ್ಲ. 1959ರಲ್ಲಿ ರಾಜಾಜಿಯವರು ಸ್ವತಂತ್ರ ಪಕ್ಷ ಕಟ್ಟಿದ್ದು ಹೆಚ್ಚುಕಡಿಮೆ ಇದೇ ವಿಚಾರದ ಮೇಲೆ. ಹೊಲಗಳನ್ನು ಒಟ್ಟು ಸೇರಿಸಿ ಸಹಕಾರಿ ಬೇಸಾಯ ಮಾಡಬೇಕೆಂದು ಕಾಂಗ್ರೆಸ್ ಹೊರಟಾಗ, ರೈತನ ಹೊಲ ರೈತನದೇ ಆಗಿರಲಿ, ದುಡಿಯುವವರಿಗೆ ಲೈಸೆನ್ಸು-ಪರ್ಮಿಟ್ಟಿನ ಕಾಟ ಬೇಡ ಎಂದರು. 1967ರಲ್ಲಿ ಆ ಪಕ್ಷಕ್ಕೆ ಲೋಕಸಭೆಯಲ್ಲಿ 44 ಸ್ಥಾನ ಬಂದವು. ಅದೇ ರಾಜಾಜಿ ರಾಮಾಯಣ, ಮಹಾಭಾರತಗಳನ್ನು ಮನೆಮನೆಗೆ ಮುಟ್ಟಿಸಿದ ದೈವಭಕ್ತರು. ಸರಕಾರವನ್ನು ದೂರ ಇಡುವವನು ದೇವರನ್ನೂ ದೂರ ಇಡಬೇಕೆಂದೇನೂ ಇಲ್ಲ.

ಇನ್ನು ನಿಮ್ಮ ಯಜಮಾನರ ಸಂಘ ಹುಟ್ಟಿದ್ದು ಯಾತಕ್ಕೆ? ಉತ್ತರ ನಿಮ್ಮ ತಾಲ್ಲೂಕಿನಲ್ಲೇ ಇದೆ. ಕಾಲುವೆಯಿಂದ ಹೊಲದ ಬೆಲೆ ಏರಿತು, ಏರಿದ್ದರಲ್ಲಿ ಪಾಲು ಕೊಡಿ ಎಂದು ಸರಕಾರ ಬೆಟರ್‌ಮೆಂಟ್ ಲೆವಿ ಹಾಕಿತು. ನೀರೇ ಸರಿಯಾಗಿ ಮುಟ್ಟಿಲ್ಲ, ಕರ ಯಾವುದರದು ಎಂದು ರೈತರು ಕೇಳಿದರು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರಾಯಿತು, ರೈತರು ಜೀವ ಕಳೆದುಕೊಂಡರು. ಆ ಬಂಡಾಯದ ಬೆನ್ನಿಗೇ ರಾಜ್ಯ ರೈತ ಸಂಘ ಹುಟ್ಟಿತು. ಸರಕಾರ ನಮ್ಮ ಕಿಸೆಗೆ ಕೈ ಹಾಕಬಾರದೆಂದು ಮಗ ಇವತ್ತು ಪುಸ್ತಕ ಓದಿ ಹೇಳುತ್ತಿದ್ದಾನೆ. ಅದನ್ನು ನಿಮ್ಮ ಕಡೆಯ ಹಿರಿಯರು ಗುಂಡಿಗೆ ಎದೆಕೊಟ್ಟು ಹೇಳಿದ್ದರು. ಈ ಕಥೆಯನ್ನು ಅಪ್ಪ ಮಗನಿಗೆ ಎಂದಾದರೂ ಕೂತು ಹೇಳಿದ್ದಾರೆಯೇ? ಹೇಳಿರಲಿಕ್ಕಿಲ್ಲ ಎಂದು ನನ್ನ ಅನುಮಾನ.

ಇನ್ನೊಂದು. 2023ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಉಳ್ಳಾಗಡ್ಡಿ ರಫ್ತು ನಿಲ್ಲಿಸಿತು. ನಿಷೇಧ ತೆಗೆದದ್ದು 2024ರ ಮೇ ತಿಂಗಳಲ್ಲಿ. ಪೇಟೆಯವರಿಗೆ ಅಗ್ಗವಾಗಲೆಂದು ಬೆಳೆದವನ ಕೈ ಕಟ್ಟಿದ ಕ್ರಮವಿದು. ಅಪ್ಪನೂ ಒಪ್ಪುವುದಿಲ್ಲ, ಮಗನೂ ಒಪ್ಪುವುದಿಲ್ಲ. ನಿಂತ ಮಾತು ಇಲ್ಲಿಂದಲೇ ಶುರುವಾಗಲಿ. ಬೆಂಬಲ ಬೆಲೆಯ ಜಗಳ ಆಮೇಲೆ ಇದ್ದೇ ಇದೆ. ಮುಕ್ತ ಮಾರುಕಟ್ಟೆಯ ವಿಷಯದಲ್ಲಿ ಮಹಾರಾಷ್ಟ್ರದ ರೈತ ನಾಯಕ ಶರದ್ ಜೋಶಿ ಮತ್ತು ನಮ್ಮ ರೈತ ಸಂಘದ ನಂಜುಂಡಸ್ವಾಮಿ, ವಿಶ್ವ ವ್ಯಾಪಾರದ ಡಂಕೆಲ್ ಕರಡು ಬಂದ ಕಾಲದಲ್ಲಿ ಎದುರುಬದುರು ನಿಂತವರು. ಇಬ್ಬರೂ ರೈತರ ಪರವೇ ಇದ್ದರು.

ಮಗ ತಪ್ಪುವುದು ಎಲ್ಲಿ ಎಂದೂ ಹೇಳಬೇಕು. ನಿಮ್ಮ ಕಾಲುವೆಗೆ ನೀರು ಕೊಡುವ, ಮಲಪ್ರಭೆಯ ನವಿಲುತೀರ್ಥದ ಅಣೆಕಟ್ಟು ಎದ್ದದ್ದು ಸರಕಾರದ ಹಣದಿಂದ. ಅವನ ಫೀಸು ಕಟ್ಟಿದ್ದು ಆ ನೀರುಂಡ ಹೊಲ. ತೆರಿಗೆ ಹೆಚ್ಚಾಯಿತು, ಪೋಲಾಯಿತು ಎನ್ನಲಿ, ನಾನೂ ದನಿಗೂಡಿಸುತ್ತೇನೆ. ದರೋಡೆ ಎಂದರೆ ಒಪ್ಪುವುದಿಲ್ಲ. ಅವನು ಓದುವ ಅರ್ಥಶಾಸ್ತ್ರಜ್ಞ ಹಯೆಕ್ ಕೂಡ 1944ರ ತಮ್ಮ ಪುಸ್ತಕದಲ್ಲಿ, ಎಲ್ಲರಿಗೂ ಕನಿಷ್ಠ ಅನ್ನ, ಬಟ್ಟೆ, ಆಸರೆಯ ಭದ್ರತೆಯನ್ನು ಸಮಾಜ ಕೊಡಬಹುದೆಂದೇ ಬರೆದಿದ್ದಾರೆ. ಆ ಪುಟವನ್ನು ಹುಡುಗ ಇನ್ನೊಮ್ಮೆ ತೆರೆಯಲಿ.

ದಾಸೋಹದ ಮಾತಂತೂ ನನಗೆ ನೋವು ತಂದಿತು. ಸಿದ್ಧಾರೂಢರ ಮಠದ ಅನ್ನಕ್ಕಾಗಿ ಯಾವ ಅಧಿಕಾರಿಯೂ ಮನೆಬಾಗಿಲಿಗೆ ಬಂದು ವಸೂಲಿ ಮಾಡುವುದಿಲ್ಲ. ಭಕ್ತರು ತಾವಾಗಿ ತಂದು ಕೊಡುತ್ತಾರೆ, ಬಂದವರು ಜಾತಿಯ ಹಂಗಿಲ್ಲದೆ ಉಣ್ಣುತ್ತಾರೆ. ಒತ್ತಾಯವಿಲ್ಲದ ಸಮಾಜ ಬೇಕೆನ್ನುವವನು ಮೊದಲು ಕೈಮುಗಿಯಬೇಕಾದ ಜಾಗ ಅದು. ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಗೊತ್ತೇ ಇದೆ. ಚೆಲ್ಲಿದ ಅಕ್ಕಿ ಆಯುವ ಕಾಯಕದ ಗಂಡ ಒಂದು ದಿನ ಹೆಚ್ಚು ತಂದಾಗ, ಬೇಕಾದಷ್ಟೇ ಸಾಕು, ಉಳಿದದ್ದನ್ನು ಅಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದಳು. ಯಾವ ಅರಸನೂ ಆಕೆಗೆ ಮಿತಿ ಹಾಕಿರಲಿಲ್ಲ. ತನಗೆಷ್ಟು ಸಾಕೆಂದು ತಾನೇ ತೀರ್ಮಾನಿಸಿದ ಹೆಣ್ಣುಮಗಳಿಗಿಂತ ದೊಡ್ಡ ಸ್ವತಂತ್ರಳು ಯಾರು?

ಹಾಗೆಂದು ಅವನನ್ನು ಮಠಕ್ಕೆ ಎಳೆಯಬೇಡಿ. ಮುಸ್ಲಿಂ ಮನೆಯಲ್ಲಿ ಹುಟ್ಟಿದ ಶಿಶುನಾಳದ ಶರೀಫರು ಕಳಸದ ಗೋವಿಂದ ಭಟ್ಟರನ್ನು ಗುರುವೆಂದು ಹಿಡಿದದ್ದು ಯಾರ ಒತ್ತಾಯಕ್ಕೂ ಅಲ್ಲ. ನಂಬಿಕೆ ಅವನಿಗೂ ಹಾಗೆಯೇ ತಾನಾಗಿ ಬರಬೇಕು. ಬರದಿದ್ದರೂ ಅವನು ನಿಮ್ಮ ಮಗನೇ.

ಅಪ್ಪನ ಮಾತು ಮಗನಿಗೆ, ಮಗನ ಮಾತು ಅಪ್ಪನಿಗೆ ಮುಟ್ಟಿಸುವ ಕೆಲಸ ಇವತ್ತಿಗೇ ಬಿಡಿ. ನಡುವೆ ನಿಂತವರಿಗೆ ಎರಡೂ ಕಡೆಯ ಸಿಟ್ಟು ಬಡಿಯುತ್ತದೆ. ಈ ವರ್ಷ ಉಳ್ಳಾಗಡ್ಡಿ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಹೋಗುವಾಗ ಮಗನನ್ನೂ ಗಾಡಿ ಹತ್ತಿಸಿ. ಸವಾಲು, ತೂಕ, ಹಮಾಲಿ, ಕಮಿಷನ್ನು ಎಲ್ಲವನ್ನೂ ಅವನು ಕಣ್ಣಾರೆ ನೋಡಲಿ, ಪಟ್ಟಿಯ ಲೆಕ್ಕ ಅಪ್ಪ-ಮಗ ಕೂಡಿಯೇ ಮಾಡಲಿ. ಯಜಮಾನರಿಗೆ ಈ ಉತ್ತರವನ್ನು ಓದಿ ಹೇಳಿ, ಮಗನಿಗೂ ಕಳಿಸಿ.