ಬಾಗಿಲು ಮುಚ್ಚುವ ಹೊತ್ತಿಗೆ ಕಟ್ಟಿದ ಫೀಸು

ಪಾಣೆಮಂಗಳೂರಿನ ಈ ಅಂಕಣಕಾರನ ಕಪಾಟಿನಲ್ಲಿ, ಎಲ್‌ಐಸಿ ಬಾಂಡುಗಳ ಅಡಿಯಲ್ಲಿ, ಒಂದು ಹಳೆಯ ರಶೀದಿ ಉಂಟು. ಸೆಪ್ಟೆಂಬರ್ 2019, ₹38,000. ಸಿಸ್ಕೊ ಕಂಪನಿಯ ‘ಸಿಸಿಎನ್‌ಎ ಕೊಲ್ಯಾಬರೇಷನ್’ ಪರೀಕ್ಷೆಯ ತರಬೇತಿಗೆಂದು ಮಂಗಳೂರಿನ ಒಂದು ಸಂಸ್ಥೆಗೆ ಕಟ್ಟಿದ್ದು. ಬಿ.ಸಿ. ರೋಡ್, ಮೂಡುಬಿದಿರೆ, ಬೆಳ್ತಂಗಡಿಗಳ ಲಾಡ್ಜು, ಆಸ್ಪತ್ರೆ, ಸೊಸೈಟಿಗಳಲ್ಲಿ ಇಂಟರ್‌ಕಾಂ ರಿಪೇರಿ ಮಾಡಿಕೊಂಡಿದ್ದವನಿಗೆ ಆಗ ಕಂಪ್ಯೂಟರ್ ನೆಟ್‌ವರ್ಕಿನಲ್ಲೇ ಓಡುವ ಐಪಿ ಫೋನಿನ ಹೆದರಿಕೆ ಹಿಡಿದಿತ್ತು. ಫೋನ್ ವಯರುಗಳು ಸೇರುವ ಕ್ರೋನ್ ಬಾಕ್ಸಿಗೆ ವಯರ್ ಪಂಚ್ ಮಾಡಿ ಎಷ್ಟು ದಿನ ಊಟ ಮಾಡುವುದು?

ಆ ಸರ್ಟಿಫಿಕೇಟನ್ನು 2020ರ ಫೆಬ್ರುವರಿ 24ಕ್ಕೆ ನಿಲ್ಲಿಸುತ್ತೇವೆಂದು ಸಿಸ್ಕೊ ಜೂನ್ ತಿಂಗಳಲ್ಲೇ ಹೇಳಿಯಾಗಿತ್ತು. ಫೀಸು ತೆಗೆದುಕೊಂಡವರು ಬಾಯಿ ಬಿಡಲಿಲ್ಲ. ಕೊಟ್ಟವನೂ ಕೇಳಲಿಲ್ಲ.

ಇದು ಹೊಸ ಕಥೆಯೇನಲ್ಲ. ಆಫೀಸು ಫೋನಿನ ಲೋಕದಲ್ಲಿ ದೊಡ್ಡ ಹೆಸರಾಗಿದ್ದ ಕೆನಡಾದ ನಾರ್ಟೆಲ್ 2009ರಲ್ಲಿ ದಿವಾಳಿಯಾಯಿತು. ಅದರ ಫೋನ್ ವ್ಯವಹಾರವನ್ನು ಕೊಂಡ ಅವಾಯ 2017ರಲ್ಲೊಮ್ಮೆ, 2023ರಲ್ಲಿ ಇನ್ನೊಮ್ಮೆ ದಿವಾಳಿ ಕೋರ್ಟಿನ ಮೆಟ್ಟಿಲು ಹತ್ತಿತು. ನಮ್ಮ ಕಡೆಯ ಲಾಡ್ಜುಗಳ ಗೋಡೆಯಲ್ಲಿ ಇವತ್ತಿಗೂ ಕಾಣುವ ಪ್ಯಾನಸಾನಿಕ್ ಇಂಟರ್‌ಕಾಂ ಪೆಟ್ಟಿಗೆಯ ತಯಾರಿಯನ್ನು ಆ ಕಂಪನಿಯೇ ಕೈಬಿಟ್ಟಿದೆ. 1986ರಲ್ಲಿ ಕಿತ್ತೂರಿನಲ್ಲಿ ಸರ್ಕಾರಿ ಸಂಸ್ಥೆ ಸಿ-ಡಾಟ್‌ನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಬಂತಲ್ಲ, ಎಸಿ ಇಲ್ಲದೆ ನಡೆಯುವ 128 ಪೋರ್ಟಿನದು, ಅದನ್ನು ನೋಡಿಕೊಂಡವರ ತರಬೇತಿಯ ಖರ್ಚು ದೂರಸಂಪರ್ಕ ಇಲಾಖೆಯದ್ದು. ಈಗ ಕಲಿಯುವವನ ಕಿಸೆಗೇ ಕತ್ತರಿ.

ಮೊನ್ನೆ ಅಕ್ಕನ ಮಗ ಡಿಪ್ಲೊಮಾ ಮುಗಿಸಿ ಬಂದು ಕೂತ. “ಮಾವ, ಸಿಸಿಎನ್‌ಎ ಬರಿಯುವಾ ಅಂತ. ಸ್ವಲ್ಪ ದುಡ್ಡು ಬೇಕಿತ್ತು.”

“ಸ್ವಲ್ಪ ಅಂದ್ರೆ ಎಷ್ಟು ಮಾರಾಯ?”

ಅವನಿಗೆ ಗೊತ್ತಿರಲಿಲ್ಲ. ಅಂಕಣಕಾರ ಪೇಪರಿನ ಅಂಚಿನಲ್ಲೇ ಲೆಕ್ಕ ಹಾಕಿದ. ಸಿಸಿಎನ್‌ಎ ಎಂದರೆ ಈಗ ಸಿಸ್ಕೊದ ನೆಟ್‌ವರ್ಕ್ ಪರೀಕ್ಷೆ, ಫೀಸು 300 ಡಾಲರ್. ಡಾಲರಿಗೆ ₹85 ಹಿಡಿದರೂ ₹25,500. ಶೇ 18 ಜಿಎಸ್‌ಟಿ ಸೇರಿದರೆ ₹30,090. ಕಾರ್ಡಿನಲ್ಲಿ ಡಾಲರ್ ಲೆಕ್ಕಕ್ಕೆ ಕಟ್ಟಿದರೆ ಬ್ಯಾಂಕು ಶೇ 3.5ರಷ್ಟು ಹೆಚ್ಚಿಗೆ ಕೀಳುವುದುಂಟು, ಅದು ಇನ್ನೊಂದು ಸಾವಿರ. ಫೇಲಾದರೆ ಐದು ದಿನ ಬಿಟ್ಟು ಮತ್ತೆ ಬರೆಯಬಹುದು, ಪೂರ್ತಿ ಫೀಸು ಕಟ್ಟಿ. ಪಾಸಾದರೂ ಆಯುಸ್ಸು ಮೂರೇ ವರ್ಷ. ಇಷ್ಟಾಗಿ ಅದರಲ್ಲಿ ಫೋನಿನ ಪಾಠ ಎಷ್ಟು? ಫೋನಿಗೆಂದೇ ಬೇರೆ ದಾರಿ ಮಾಡುವ ವಾಯ್ಸ್ ವಿಲ್ಯಾನ್, ಕೇಬಲ್ಲಿನಲ್ಲೇ ಕರೆಂಟು ಕೊಡುವ ಪಿಒಇ, ಮಾತು ಕಡಿಯದಂತೆ ನೋಡಿಕೊಳ್ಳುವ ಕ್ಯುಒಎಸ್. ನೆಟ್‌ವರ್ಕ್ ಕೆಲಸಕ್ಕೆ ಹೋಗುವವನಿಗೆ ಒಳ್ಳೆಯ ಪರೀಕ್ಷೆಯೇ, ಸಂಶಯವಿಲ್ಲ. ಆದರೆ ಮೊದಲ ಖರ್ಚು ಅದಾಗಬೇಕಿಲ್ಲ.

ಟೀಮ್ಸ್ ಫೋನ್ ನಡೆಸುವವರಿಗೆ ಮೈಕ್ರೊಸಾಫ್ಟಿನ ಎಂಎಸ್-721 ಪರೀಕ್ಷೆ ಇದೆ. ಅಮೆರಿಕದಲ್ಲಿ ಅದಕ್ಕೆ 165 ಡಾಲರ್. ದೇಶ ನೋಡಿ ದರ ಇಡುವುದರಿಂದ ಭಾರತದಲ್ಲಿ ಅರ್ಧಕ್ಕಿಂತಲೂ ಕಡಿಮೆ. ವರ್ಷವರ್ಷ ನವೀಕರಿಸಬೇಕು, ಅದಕ್ಕೆ ದುಡ್ಡಿಲ್ಲ. ಬೆಂಗಳೂರಿನ ಕಂಪನಿ ಕಣ್ಣಲ್ಲಿದ್ದರೆ ಇದು ಸರಿ. ಬಂಟ್ವಾಳದ ಆಸ್ಪತ್ರೆಯವರು ಕೇಳುವ ಪ್ರಶ್ನೆ ಬೇರೆ: ರಾತ್ರಿ ಇಂಟರ್‌ಕಾಂ ಕೆಟ್ಟರೆ ಬರ್ತೀರಾ?

ಹುಡುಗನಿಗೆ ಸಿಕ್ಕಿದ್ದು ಒಂದು ಸಾವಿರ ಮಾತ್ರ. ಐಐಟಿಗಳ ಆನ್‌ಲೈನ್ ಪಾಠದ ತಾಣವಾದ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಖರಗ್‌ಪುರದ ಕಂಪ್ಯೂಟರ್ ನೆಟ್‌ವರ್ಕ್ ಪಾಠ ಪುಕ್ಕಟೆ, ಪರೀಕ್ಷೆಗೆ ಮಾತ್ರ ₹1,000. ಸಿಸ್ಕೊದ್ದೇ ಪ್ಯಾಕೆಟ್ ಟ್ರೇಸರ್ ಕೂಡ ಪುಕ್ಕಟೆ. ಸ್ವಿಚ್ಚು, ರೂಟರು ಕೊಳ್ಳದೆ ಪರದೆಯ ಮೇಲೆ ಜೋಡಿಸಿ ಕಲಿಯಬಹುದು. ಇನ್ನು ಆಸ್ಟೆರಿಸ್ಕ್. 1999ರಲ್ಲಿ ಅಮೆರಿಕದ ಮಾರ್ಕ್ ಸ್ಪೆನ್ಸರ್ ಎಂಬ ಹುಡುಗ ತನ್ನ ಸಣ್ಣ ಕಂಪನಿಗೆ ಎಕ್ಸ್‌ಚೇಂಜ್ ಕೊಳ್ಳಲು ದುಡ್ಡಿಲ್ಲದೆ ತಾನೇ ಬರೆದು, ಎಲ್ಲರಿಗೂ ಬಿಟ್ಟುಕೊಟ್ಟ ಸಾಫ್ಟ್‌ವೇರ್ ಅದು. ಹಳೆಯ ಕಂಪ್ಯೂಟರ್ ಒಂದಿದ್ದರೆ ಮನೆಯೊಳಗೇ ಎಕ್ಸ್‌ಚೇಂಜ್ ತಯಾರು. ಮನೆಯೊಳಗೆ ಎಂಬ ಮಾತು ಮುಖ್ಯ: ಹೊರಗಿನ ಲೈನನ್ನು ಲೈಸೆನ್ಸ್ ಇರುವ ಕಂಪನಿಯಿಂದಲೇ ಪಡೆಯಬೇಕು, ಸಿಮ್ ಬಾಕ್ಸ್ ಇಟ್ಟು ಇಂಟರ್ನೆಟ್ ಕರೆ ತಿರುಗಿಸಹೊರಟರೆ ಪೊಲೀಸರು ಬರುತ್ತಾರೆ.

ಸಿಸಿಎನ್‌ಎ ಮಾತು ಸದ್ಯಕ್ಕೆ ಮುಂದೆ ಹೋಗಿದೆ. ಹುಡುಗ ದಿನವೂ ಕೆಲಸದ ಜಾಹೀರಾತು ಓದಿ, ಯಾವ ಸರ್ಟಿಫಿಕೇಟಿನ ಹೆಸರು ಎಷ್ಟು ಸಲ ಬಂತೆಂದು ಪುಸ್ತಕದಲ್ಲಿ ಗೀಟು ಹಾಕುತ್ತಿದ್ದಾನೆ. ಅಕ್ಕನ ಮನೆಯಲ್ಲಿ ಈಗ ಅವನ ಆಸ್ಟೆರಿಸ್ಕ್ ಇಂಟರ್‌ಕಾಂ: ಅಡುಗೆಮನೆ 101, ಉಪ್ಪರಿಗೆ 102, ಹಟ್ಟಿ 103. ಹಟ್ಟಿಯ ವರೆಗೆ ವೈಫೈ ಮಾತ್ರ ಇನ್ನೂ ಮುಟ್ಟಿಲ್ಲ, ಅಕ್ಕ ಅಂಗಳದಲ್ಲಿ ನಿಂತು ಕೂಗಿಯೇ ಕರೆಯುತ್ತಾಳೆ.